ಹಳೆ ಬುಲೆಟ್ಟಿನ ದಿಕ್ಕಿಲ್ಲದ ವಯರ್‌ಗಳು: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಪೆರ್ಲದ ಹತ್ತಿರದ ನಮ್ಮ ಮನೆಯಂಗಳಕ್ಕೆ 350 ಸಿಸಿಯ ಹಳೆ ಬುಲೆಟ್ ಬರುವ ಹೊತ್ತಿಗೆ ಅದು ನಾಲ್ಕು ಕೈ ದಾಟಿತ್ತು. ಹೆಡ್‌ಲೈಟಿನ ರಿಮ್ ಬಿಚ್ಚಿದ ಕೂಡಲೇ ಒಳಗಿನಿಂದ ಹದಿನೇಳು ವಯರ್‌ಗಳು ಹೊರಗೆ ಸುರಿದವು. ಅವುಗಳಲ್ಲಿ ಐದಕ್ಕೆ ಹೋಗುವ ಊರು ಗೊತ್ತಿರಲಿಲ್ಲ. ಒಂದು ಮನೆ ವಯರಿಂಗಿನ ತುಂಡು, ಇನ್ನೊಂದು ಸ್ಪೀಕರ್ ವಯರ್, ಮತ್ತೊಂದರ ತುದಿಗೆ ಯಾರೋ ಅಕ್ಕರೆಯಿಂದ ಬ್ಯಾಂಡೇಜಿನ ಅಂಟುಪಟ್ಟಿ ಸುತ್ತಿದ್ದರು.

“ಎಲ್ಲ ಕಿತ್ತು ಬಿಸಾಡಿ, ಹೊಸ ವಯರಿಂಗ್ ಸೆಟ್ ಹಾಕಿಸಿ ಭಾವ” ಎಂದರು ನಮ್ಮ ಭಾವ. ಹಾಕಿಸಬಹುದು. ಆದರೆ ತುಕ್ಕು ಹಿಡಿದ ಚಾಸಿ, ಸವೆದ ಸ್ವಿಚ್, ತಪ್ಪು ಕಾಯಿಲ್ (ಪ್ಲಗ್ಗಿಗೆ ಕಿಡಿ ಕೊಡುವ ಸುರುಳಿ) ಇವೆಲ್ಲ ಹಳೆಯವೇ ಉಳಿದರೆ ಹೊಸ ಸೆಟ್ಟಿನಲ್ಲೂ ಹಳೆ ಕಾಯಿಲೆಯೇ ಬರುತ್ತದೆ. ನಾನು ಒಂದು ಮಳೆಗಾಲ ಪೂರ್ತಿ ಕುಳಿತು ಒಂದೊಂದೇ ವಯರ್ ಹಿಡಿದು ಹೋದೆ. ಕೆಟ್ಟಿದ್ದ ಬಿಡಿಭಾಗಗಳು ಎರಡೇ. ಉಳಿದದ್ದೆಲ್ಲ ಜೋಡಣೆಯ ದೋಷ, ಇಲ್ಲವೇ ಹಿಂದಿನವರ ಕೈಗುಣ.

ನಮ್ಮ ಕಡೆ ಜೋಡಣೆಗಳು ಬೇಗ ಕೆಡುವುದಕ್ಕೆ ಕಾರಣವಿದೆ. ಕುಂಬಳೆ, ಮಂಜೇಶ್ವರದ ಕಡೆ ಉಪ್ಪುಗಾಳಿ. ಒಳನಾಡಿಗೆ ಬಂದರೆ ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನ ಮಳೆ. ಅದಕ್ಕಿಂತ ಕೆಟ್ಟದ್ದು ಗಾಡಿಯನ್ನು ಹಟ್ಟಿಯ ಪಕ್ಕದ ಮಾಡಿನಡಿ ನಿಲ್ಲಿಸುವ ನಮ್ಮ ಅಭ್ಯಾಸ. ಗಂಜಳದಿಂದ ಏಳುವ ಅಮೋನಿಯ ತಾಮ್ರ ಮತ್ತು ಹಿತ್ತಾಳೆಯನ್ನು ತಿನ್ನುತ್ತದೆ. ಕ್ಯಾರಿಯರಿಗೆ ಮೈಲುತುತ್ತಿನ ಚೀಲ ಕಟ್ಟಿ ತೋಟಕ್ಕೆ ಹೋದವರ ಗಾಡಿಯಲ್ಲಿ ಹಿಂದಿನ ಮಡ್ಗಾರ್ಡಿನ ಅರ್ತ್ ಬೋಲ್ಟು ಮೊದಲು ಹೋಗುತ್ತದೆ. ಅರ್ತ್ ಎಂದರೆ ಲೈಟಿನಿಂದ ಕರೆಂಟ್ ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ.

ಕೈ ಹಾಕುವ ಮೊದಲು

ಬೇಕಾದ ಸಾಮಾನು ಸ್ವಲ್ಪವೇ: ಅಗ್ಗದ ಮಲ್ಟಿಮೀಟರ್, ಇಂಡಿಕೇಟರ್ ಬಲ್ಬಿಗೆ ಎರಡು ವಯರ್ ಬೆಸೆದು ಮಾಡಿದ ಟೆಸ್ಟ್ ಲ್ಯಾಂಪ್, ಮೊಸಳೆ ಕ್ಲಿಪ್‌ಗಳು, ಬಿಳಿ ಟೇಪು, ಒಂದು ನೋಟುಪುಸ್ತಕ. ಮಲ್ಟಿಮೀಟರ್ ಇಲ್ಲದೆಯೂ ಅರ್ಧ ಕೆಲಸ ಆಗುತ್ತದೆ. ಟೆಸ್ಟ್ ಲ್ಯಾಂಪ್ ಮತ್ತು ಪುಸ್ತಕ ಇಲ್ಲದೆ ಆಗುವುದಿಲ್ಲ.

ಗಾಡಿ 6 ವೋಲ್ಟಿನದೋ 12 ವೋಲ್ಟಿನದೋ ಎಂಬುದನ್ನು ಮಾರಿದವರ ಬಾಯಿಮಾತಿನಿಂದ ನಂಬಬೇಡಿ. ಬ್ಯಾಟರಿಯ ಮುಚ್ಚಳ ಎಣಿಸಿ: ಮೂರಿದ್ದರೆ 6, ಆರಿದ್ದರೆ 12, ಒಂದು ಕೋಶಕ್ಕೆ ಎರಡು ವೋಲ್ಟಿನ ಲೆಕ್ಕ. ಆಮೇಲೆ ಬಲ್ಬುಗಳ ಮೇಲೆ ಏನು ಬರೆದಿದೆ ಎಂದೂ ಓದಿ. ನನ್ನ ಗಾಡಿಯಲ್ಲಿ ಬ್ಯಾಟರಿ 12, ಬಲ್ಬು 12, ಕಾಯಿಲ್ ಮಾತ್ರ 6. ಆ ಕಥೆ ಮುಂದೆ ಬರುತ್ತದೆ. ಬ್ಯಾಟರಿಯ ಯಾವ ತುದಿ ಚಾಸಿಗೆ ಹೋಗಿದೆ ಎಂದೂ ನೋಡಿಡಿ. ಹಳೆ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ತುದಿಯನ್ನೇ ಅರ್ತ್ ಮಾಡುವ ಪದ್ಧತಿಯಿತ್ತು. ಅಂಥ ಗಾಡಿಗೆ ಈಗಿನ ಕ್ರಮದಲ್ಲಿ ಬ್ಯಾಟರಿ ಹಾಕಿದರೆ ಚಾರ್ಜಿಂಗ್ ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ರೆಕ್ಟಿಫೈಯರ್ ಆ ಕ್ಷಣಕ್ಕೇ ಸುಡುತ್ತದೆ.

ಬ್ಯಾಟರಿ ಬಿಚ್ಚುವಾಗ ಚಾಸಿಗೆ ಹೋಗುವ ತುದಿಯನ್ನು ಮೊದಲು ಬಿಚ್ಚಿ. ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಹಾಗೆ ಮಾಡಿದರೆ ಇನ್ನೊಂದು ತುದಿ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಬರುತ್ತದೆ, ಒಳಗಿರುವುದು ಆಮ್ಲ. ಬೀಡಿ ಸಿಗರೇಟು ದೂರವಿರಲಿ, ಕಣ್ಣಿಗೆ ಕನ್ನಡಕವಿರಲಿ. ಬೆಸುಗೆ ಹಾಕುವುದಿದ್ದರೆ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ಅಂಗಳದ ಆಚೆ ತುದಿಗೆ ಇಡಿ. ಕಾಕ್ ಮುಚ್ಚಿದೆಯಲ್ಲ ಎನ್ನುವ ಧೈರ್ಯ ಬೇಡ.

ಕೀಲಿ ತಿರುಗಿಸಿದರೆ ಏನೂ ಇಲ್ಲ

ಎಲ್ಲವೂ ಒಮ್ಮೆಲೇ ಸತ್ತಿದ್ದರೆ ನಿಜಕ್ಕೂ ಸಂತೋಷಪಡಬೇಕು. ಎಲ್ಲಕ್ಕೂ ಸಾಮಾನ್ಯವಾದ ದಾರಿ ಚಿಕ್ಕದು: ಬ್ಯಾಟರಿ, ಅದರ ಎರಡು ತುದಿಗಳು, ಫ್ಯೂಸ್, ಆಮೀಟರ್, ಕೀಲಿ ಸ್ವಿಚ್. ದೋಷ ಈ ಐದರ ಆಚೆಗಿರುವುದು ಅಪರೂಪ.

ಬ್ಯಾಟರಿಯ ತುದಿಗಳನ್ನು ಕೈಯಲ್ಲಿ ಅಲ್ಲಾಡಿಸಿ. ಹಸಿರು ಬಿಳಿ ಕಿಲುಬು ಕಂಡರೆ ಬಿಚ್ಚಿ, ಬಿಸಿನೀರಿಗೆ ಅಡಿಗೆ ಸೋಡಾ ಬೆರೆಸಿ ತೊಳೆಯಿರಿ. ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒಣಗಿಸಿ ಬಿಗಿಮಾಡಿದ ಮೇಲೆ ವ್ಯಾಸಲೀನ್ ಸವರಿ. ತೆಂಗಿನೆಣ್ಣೆ ಸವರುವವರಿದ್ದಾರೆ, ಅದು ಧೂಳು ಹಿಡಿದು ಜಿಡ್ಡುಗಟ್ಟುತ್ತದೆ. ಗಾಡಿ ರಾತ್ರಿಯಿಡೀ ನಿಂತ ಮೇಲೆ 12 ವೋಲ್ಟಿನ ಬ್ಯಾಟರಿ 12.6ರ ಸುತ್ತ ತೋರಿಸಿದರೆ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. 6 ವೋಲ್ಟಿನದಕ್ಕೆ ಇದರ ಅರ್ಧ.

ಫ್ಯೂಸನ್ನು ಕಣ್ಣಿನಿಂದ ನೋಡಿ ಸರಿಯಿದೆ ಎನ್ನಬೇಡಿ. ಗಾಜಿನ ಫ್ಯೂಸಿನ ತಂತಿ ಹಿತ್ತಾಳೆ ಟೊಪ್ಪಿಯೊಳಗೆ ಕಡಿದಿದ್ದರೆ ಕಾಣುವುದಿಲ್ಲ. ಟೆಸ್ಟ್ ಲ್ಯಾಂಪಿನ ಒಂದು ತುದಿ ಚಾಸಿಗೆ, ಇನ್ನೊಂದು ಫ್ಯೂಸಿನ ಎರಡೂ ಬದಿಗೆ: ಎರಡು ಕಡೆಯೂ ಉರಿಯಬೇಕು. ಒಂದೇ ಕಡೆ ಉರಿದರೆ ಫ್ಯೂಸ್. ಎರಡು ಕಡೆಯೂ ಉರಿಯದಿದ್ದರೆ ಲ್ಯಾಂಪಿನ ಚಾಸಿ ತುದಿಯನ್ನು ತೆಗೆದು ನೇರ ಬ್ಯಾಟರಿಯ ಅರ್ತ್ ತುದಿಗೆ ಮುಟ್ಟಿಸಿ. ಈಗ ಉರಿಯಿತೇ? ಹಾಗಿದ್ದರೆ ಬ್ಯಾಟರಿಯಿಂದ ಚಾಸಿಗೆ ಹೋಗುವ ಪಟ್ಟಿ ಸತ್ತಿದೆ.

ಬುಲೆಟ್ಟಿನಲ್ಲಿ ಹೆಡ್‌ಲೈಟಿನ ಮೇಲೆ ಕೂತ ಆಮೀಟರ್ ಒಂದು ವರ. ಗಾಡಿಯ ಕರೆಂಟೆಲ್ಲ ಹೆಚ್ಚುಕಡಿಮೆ ಅದರ ಮೂಲಕವೇ ಓಡಾಡುತ್ತದೆ. ಅದರ ಹಿಂದಿನ ಎರಡು ನಟ್ಟುಗಳು ಏಕಸಿಲಿಂಡರಿನ ನಡುಕಕ್ಕೆ ಸಡಿಲವಾದರೆ ಇಡೀ ಗಾಡಿ ಮೌನ. ಬಿಗಿಮಾಡುವ ಮುನ್ನ ಬ್ಯಾಟರಿ ಬಿಚ್ಚಿರಬೇಕು. ಅಲ್ಲಿ ಸ್ಪ್ಯಾನರ್ ಹೆಡ್‌ಲೈಟಿನ ಲೋಹಕ್ಕೆ ತಾಗಿದರೆ ದೊಡ್ಡ ಕಿಡಿ ನಿಶ್ಚಯ.

ಲೈಟು ಮಂಕು, ಹಾರ್ನಿಗೆ ಗಂಟಲು ಕಟ್ಟಿದೆ

ಜನ ಇದಕ್ಕೆ ಕೂಡಲೇ ಬ್ಯಾಟರಿ ಬದಲಿಸುತ್ತಾರೆ. ಹಣ ದಂಡ. ಲೆಕ್ಕ ನೋಡಿ: 6 ವೋಲ್ಟಿನಲ್ಲಿ 30 ವಾಟಿನ ಬಲ್ಬು 5 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲೆಲ್ಲೋ ಕಿಲುಬು ಹಿಡಿದ ಜೋಡಣೆ ಓಮಿನ ಹತ್ತನೇ ಒಂದು ಪಾಲಿನಷ್ಟು ತಡೆ ಒಡ್ಡಿದರೂ ಅರ್ಧ ವೋಲ್ಟ್ ಅಲ್ಲೇ ಕಳೆಯಿತು. ವೋಲ್ಟೇಜ್ ಶೇಕಡಾ 10 ಇಳಿದರೆ ಬಲ್ಬಿನ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. ಇಂಥ ಜೋಡಣೆ ನಾಲ್ಕಿದ್ದರೆ ಕತ್ತಲಲ್ಲಿ ನೀವು ಮಿಂಚುಹುಳದ ಹಿಂದೆ ಗಾಡಿ ಓಡಿಸಿದಂತೆ.

ಕಳೆದುಹೋದ ಆ ಅರ್ಧ ವೋಲ್ಟನ್ನು ಹುಡುಕುವುದು ಸುಲಭ. ಮಲ್ಟಿಮೀಟರನ್ನು ಡಿಸಿ ವೋಲ್ಟಿನಲ್ಲಿಡಿ. ಹೆಡ್‌ಲೈಟ್ ಹಾಕಿ. ಒಂದು ಕಡ್ಡಿ ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದು ಬಲ್ಬಿನ ಹಿತ್ತಾಳೆ ಮೈಗೆ. 0.1 ವೋಲ್ಟಿನೊಳಗಿದ್ದರೆ ಅರ್ತ್ ಚೆನ್ನಾಗಿದೆ, 0.3 ದಾಟಿದರೆ ಅಲ್ಲೇ ಕೆಲಸವಿದೆ. ಆಮೇಲೆ ಬ್ಯಾಟರಿಯ ಇನ್ನೊಂದು ತುದಿಯಿಂದ ಬಲ್ಬಿಗೆ ಕರೆಂಟ್ ಬರುವ ವಯರಿಗೆ ಹೀಗೆಯೇ ಅಳೆಯಿರಿ. ಮೀಟರಿನ ಕಡ್ಡಿಯನ್ನು ಒಂದೊಂದೇ ಜೋಡಣೆ ದಾಟಿಸುತ್ತ ಬನ್ನಿ. ಎಲ್ಲಿ ಅಂಕಿ ಹಾರಿ ಏರುತ್ತದೋ ಅದರ ಹಿಂದಿನ ಜೋಡಣೆಯೇ ಕಳ್ಳ. ಲೈಟ್ ಹಾಕದೆ ಅಳೆದರೆ ಏನೂ ಕಾಣುವುದಿಲ್ಲ. ಕರೆಂಟ್ ಹರಿಯುವಾಗ ಮಾತ್ರ ಕಳವು ನಡೆಯುತ್ತದೆ.

ಅರ್ತಿಗೆ ಬಣ್ಣ ವಿರೋಧಿ. ಗಾಡಿಗೆ ಹೊಸ ಪೌಡರ್ ಕೋಟಿಂಗ್ ಮಾಡಿಸಿ ಹೊಳಪಿಸಿದವರಿಗೇ ಈ ತೊಂದರೆ ಹೆಚ್ಚು, ಏಕೆಂದರೆ ಬೋಲ್ಟಿನಡಿ ಲೋಹ ಲೋಹಕ್ಕೆ ತಾಗುವುದೇ ಇಲ್ಲ. ಅಲ್ಲಿ ಬಣ್ಣ ಕೆರೆದು ಹಲ್ಲಿನ ವಾಶರ್ ಹಾಕಿ. ನಾನು ಎಂಜಿನ್, ಹೆಡ್‌ಲೈಟ್ ಮತ್ತು ಹಿಂದಿನ ಲೈಟಿನಿಂದ ಬ್ಯಾಟರಿಯ ಅರ್ತ್ ತುದಿಗೇ ಬೇರೆ ಬೇರೆ ವಯರ್ ಎಳೆದೆ. ಗಾಡಿಗೆ ಮಾಡಿದ ಖರ್ಚಿನಲ್ಲಿ ಅತಿ ಕಡಿಮೆಯದು, ಅತಿ ಹೆಚ್ಚು ಫಲ ಕೊಟ್ಟದ್ದು ಅದೇ.

ಹಾರ್ನ್ ಮಾತ್ರ ಕೆಮ್ಮುತ್ತಿದ್ದರೆ ಅದರ ಬಾಯೊಳಗೆ ನೋಡಿ. ನನ್ನದರಲ್ಲಿ ಹುಳು ಮಣ್ಣಿನ ಗೂಡು ಕಟ್ಟಿತ್ತು.

ಬ್ರೇಕ್ ಒತ್ತಿದರೆ ಸ್ಪೀಡೋಮೀಟರ್ ಬೆಳಗುತ್ತದೆ

ಲೈಟ್ ಸ್ವಿಚ್ ಆಫ್. ಬ್ರೇಕ್ ತುಳಿದರೆ ಮೀಟರಿನ ದೀಪ ಮಿಣಮಿಣ. ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟೂ ಜೊತೆಗೆ ಮಿಣುಕುತ್ತದೆ. ಇದನ್ನು ನೋಡಿ ವಯರಿಂಗೆಲ್ಲ ಕಲಸಿಹೋಗಿದೆ ಎಂದು ಹೆದರುವವರೇ ಹೆಚ್ಚು. ಹೆಚ್ಚಿನ ಸಲ ಕಾರಣ ಒಂದೇ ಒಂದು ಅರ್ತ್.

ಹಿಂದಿನ ಬಲ್ಬಿನಲ್ಲಿ ಎರಡು ತಂತಿಗಳಿವೆ: ಬ್ರೇಕಿಗೆ 21 ವಾಟ್, ರಾತ್ರಿ ದೀಪಕ್ಕೆ 5 ವಾಟ್. ಎರಡೂ ಬಲ್ಬಿನ ಮೈಯಲ್ಲಿ ಸೇರಿ ಮಡ್ಗಾರ್ಡಿನ ಮೂಲಕ ಅರ್ತ್ ಆಗುತ್ತವೆ. ಮಡ್ಗಾರ್ಡಿನ ಬೋಲ್ಟು ತುಕ್ಕು ಹಿಡಿದು ಆ ದಾರಿ ಮುಚ್ಚಿತು ಎನ್ನಿ. ಬ್ರೇಕಿನ ತಂತಿಗೆ ಬಂದ ಕರೆಂಟ್ ಹೊರಹೋಗಲು ದಾರಿ ಕಾಣದೆ ಪಕ್ಕದ 5 ವಾಟಿನ ತಂತಿಯೊಳಗೆ ಹಿಮ್ಮುಖ ನುಗ್ಗಿ, ರಾತ್ರಿ ದೀಪದ ವಯರಿನಲ್ಲಿ ಮುಂದಕ್ಕೆ ಬಂದು, ಸ್ಪೀಡೋಮೀಟರಿನ ದೀಪದ ಮೂಲಕ ಅರ್ತ್ ಸೇರುತ್ತದೆ. ಮುಂಬಾಗಿಲು ಹಾಕಿದ್ದರೆ ನೆಂಟರು ಅಡಿಗೆಮನೆಯ ಬಾಗಿಲಿನಿಂದ ಬಂದ ಹಾಗೆ.

ಪರೀಕ್ಷೆಗೆ ಒಂದು ನಿಮಿಷ ಸಾಕು: ಒಂದು ವಯರಿನ ತುದಿಯನ್ನು ಬ್ಯಾಟರಿಯ ಅರ್ತಿಗೆ, ಇನ್ನೊಂದನ್ನು ಹಿಂದಿನ ಬಲ್ಬಿನ ಹೋಲ್ಡರಿಗೆ ಮುಟ್ಟಿಸಿ. ಭೂತ ಓಡಿಹೋದರೆ ಅರ್ತೇ ದೋಷ. ಓಡದಿದ್ದರೆ ಬಲ್ಬನ್ನೇ ತೆಗೆದು ನೋಡಿ. ಒಳಗೆ ಕಡಿದ ತಂತಿ ಇನ್ನೊಂದರ ಮೇಲೆ ಬಿದ್ದು ಅಂಟಿಕೊಂಡಿರಬಹುದು. ಇಂಡಿಕೇಟರ್ ಮಿಣುಕುವ ವೇಗ ಮಾತ್ರ ಬದಲಾಗಿದ್ದರೆ ಬಲ್ಬುಗಳ ವಾಟ್ ಓದಿ. ಎಲ್ಇಡಿ ಹಾಕಿದ್ದರೆ ಹಳೆ ಫ್ಲಾಷರ್ ಅದಕ್ಕೆ ಒಗ್ಗುವುದಿಲ್ಲ.

ಫ್ಯೂಸ್ ಹಾಕಿದ ಕೂಡಲೇ ಹೋಗುತ್ತದೆ

ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಮನೆ ಮುಟ್ಟಿದ ಸಾಹಸ ಎಲ್ಲರ ಬಳಿಯೂ ಇದೆ. ಹಾಗೆ ಮಾಡಿದಾಗ ಫ್ಯೂಸಿನ ಬದಲು ಸುಡುವುದು ಟ್ಯಾಂಕಿನಡಿಯ ವಯರ್. ಟ್ಯಾಂಕಿನಲ್ಲಿ ಏನಿದೆ ಎಂದು ನೆನಪಿಸಬೇಕಾಗಿಲ್ಲ.

ಒಂದರ ಹಿಂದೆ ಒಂದು ಫ್ಯೂಸ್ ಸುಡುತ್ತ ಕೂರುವುದೂ ಬೇಡ. ಫ್ಯೂಸ್ ತೆಗೆದು ಅದರ ಜಾಗಕ್ಕೆ ಒಂದು ಹೆಡ್‌ಲೈಟ್ ಬಲ್ಬನ್ನು ಎರಡು ವಯರಿನಿಂದ ಜೋಡಿಸಿ. ಗಾಡಿಯ ವೋಲ್ಟೇಜಿನದೇ ಬಲ್ಬಾಗಿರಲಿ. ಎಲ್ಲಾದರೂ ವಯರ್ ಚಾಸಿಗೆ ತಾಗಿದ್ದರೆ ಈ ಬಲ್ಬು ಪೂರ್ತಿ ಬೆಳಗುತ್ತದೆ, ಆದರೆ 12 ವೋಲ್ಟಿನ 35 ವಾಟಿನ ಬಲ್ಬು 3 ಆಂಪಿಯರಿಗಿಂತ ಹೆಚ್ಚು ಬಿಡದ ಕಾರಣ ಏನೂ ಸುಡುವುದಿಲ್ಲ. ಈಗ ನಿಧಾನವಾಗಿ ಹುಡುಕಬಹುದು, ಚಹಾ ಕುಡಿಯುತ್ತಾ.

ಕೀಲಿ ಆಫ್ ಇರುವಾಗಲೇ ಬಲ್ಬು ಉರಿದರೆ ತಾಗಿರುವುದು ಫ್ಯೂಸಿನಿಂದ ಕೀಲಿ ಸ್ವಿಚ್ಚಿನವರೆಗಿನ ವಯರ್, ಆಮೀಟರಿನ ಬೆನ್ನು, ಇಲ್ಲವೇ ಚಾರ್ಜಿಂಗ್ ಭಾಗ. ಕೀಲಿ ಹಾಕಿದ ಮೇಲೆ ಉರಿದರೆ ಮೊದಲು ಕಾಯಿಲಿನ ವಯರ್ ಕಳಚಿ. ಪಾಯಿಂಟ್ (ಎಂಜಿನ್ ತಿರುಗಿದಂತೆ ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್) ಮುಚ್ಚಿರುವಾಗ ಕಾಯಿಲ್ ಕರೆಂಟ್ ಎಳೆಯುವುದು ಸಹಜ, ಬಲ್ಬು ಮಂಕಾಗಿ ಉರಿಯುವುದೂ ಸಹಜ. ಆಮೇಲೆ ಒಂದೊಂದೇ ಸ್ವಿಚ್. ಯಾವ ಸ್ವಿಚ್ಚಿಗೆ ಪೂರ್ತಿ ಬೆಳಗಿತೋ ಆ ಕೊಂಬೆಯ ಜೋಡಣೆಗಳನ್ನು ಒಂದೊಂದಾಗಿ ಬಿಡಿಸಿ. ಬಲ್ಬು ಆರಿದ ಜಾಗದಿಂದ ಆಚೆಗೆ ದೋಷವಿದೆ. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಸೀಟಿನ ಮೇಲೆ ಕುಳಿತೂ ನೋಡಿ. ನನ್ನ ಗಾಡಿಯಲ್ಲಿ ನಾನು ಕುಳಿತಾಗ ಮಾತ್ರ ಬಲ್ಬು ಬೆಳಗುತ್ತಿತ್ತು: ಸೀಟಿನ ಸ್ಪ್ರಿಂಗ್ ಬ್ರೇಕ್ ಲೈಟಿನ ವಯರನ್ನು ಕಡಿಯುತ್ತಿತ್ತು. ಇಲಿ ಹೆಗ್ಗಣಗಳ ಹಲ್ಲಿನ ಗುರುತನ್ನೂ ಅಲ್ಲೇ ಹುಡುಕಿ.

ಲೈಟೆಲ್ಲ ಇದೆ, ಎಂಜಿನ್ ಹಿಡಿಯುವುದಿಲ್ಲ

ಹೊಸ ಪ್ಲಗ್ ಹಾಕಿ ನೋಡುವುದು ಅಗ್ಗದ ಮೊದಲ ಹೆಜ್ಜೆ. ಕಿಡಿ ನೋಡುವಾಗ ಪ್ಲಗ್ಗಿನ ಲೋಹದ ಮೈ ಎಂಜಿನ್ ಹೆಡ್ಡಿಗೆ ಗಟ್ಟಿಯಾಗಿ ತಾಗಿರಲಿ, ಪ್ಲಗ್ ರಂಧ್ರದಿಂದ ದೂರವಿರಲಿ. ಅಲ್ಲಿಂದ ಪೆಟ್ರೋಲ್ ಹಬೆ ಹೊರಬರುತ್ತದೆ. ಪ್ಲಗ್ಗಿನ ಟೊಪ್ಪಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಪರೀಕ್ಷೆಯ ಹತ್ತಿರವೇ ಬರಬಾರದು.

ಪಾಯಿಂಟ್ ಇರುವ ಬುಲೆಟ್ಟಿನಲ್ಲಿ ಆಮೀಟರಿನ ಮುಳ್ಳು ಅರ್ಧ ರೋಗ ಹೇಳುತ್ತದೆ. ಕೀಲಿ ಹಾಕಿ, ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರ್ ಹಿಡಿದು ಕಿಕ್ಕರನ್ನು ಕಾಲಿನಿಂದ ಮೆಲ್ಲನೆ ಒತ್ತಿ. ಪಾಯಿಂಟ್ ಮುಚ್ಚಿದಾಗ ಮುಳ್ಳು ಡಿಸ್‌ಚಾರ್ಜ್ ಕಡೆಗೆ ಸ್ವಲ್ಪ ವಾಲಬೇಕು; ತೆರೆದಾಗ ನಡುವಿಗೆ ಬರಬೇಕು. ಮುಳ್ಳು ಕದಲದೆ ನಡುವಿನಲ್ಲೇ ನಿಂತರೆ ಕಾಯಿಲಿಗೆ ಕರೆಂಟ್ ಇಲ್ಲ ಅಥವಾ ಪಾಯಿಂಟ್ ಕೊಳೆಯಾಗಿ ತಾಗುತ್ತಿಲ್ಲ. ವಾಲಿದ್ದು ಹಿಂದೆ ಬರುವುದೇ ಇಲ್ಲವಾದರೆ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ಪಾಯಿಂಟಿನ ವಯರ್ ಎಲ್ಲೋ ಅರ್ತ್ ಆಗಿದೆ, ಅಥವಾ ಪಾಯಿಂಟಿನ ಕಿಡಿ ತಗ್ಗಿಸುವ ಕಂಡೆನ್ಸರ್ ಒಳಗೆ ಕೂಡಿಕೊಂಡಿದೆ. ಕಂಡೆನ್ಸರ್ ವಯರ್ ಕಳಚಿದಾಗ ಮುಳ್ಳು ಮರಳಿ ಕುಣಿಯತೊಡಗಿದರೆ ಆರೋಪಿ ಸಿಕ್ಕಿದ. ಕೀಲಿ ಹಾಕಿಟ್ಟು ಊಟಕ್ಕೆ ಹೋಗಬೇಡಿ. ಪಾಯಿಂಟ್ ಮುಚ್ಚಿ ನಿಂತಿದ್ದರೆ ಕಾಯಿಲ್ ಬೇಯುತ್ತದೆ.

ಪಾಯಿಂಟನ್ನು ನಯವಾದ ಪಾಲಿಶ್ ಕಾಗದದಿಂದ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹಬೆ ಆರಿದ ಮೇಲೆ ಅಂತರ ನೋಡಿ. ಬುಲೆಟ್ಟಿಗೆ 0.35ರಿಂದ 0.40 ಮಿ.ಮೀ. ಎಂಜಿನ್ ಓಡುವಾಗ ಪಾಯಿಂಟಿನಲ್ಲಿ ದಪ್ಪ ನೀಲಿ ಕಿಡಿ, ಪ್ಲಗ್ಗಿನಲ್ಲಿ ಬಡಕಲು ಹಳದಿ ಕಿಡಿ ಇದ್ದರೆ ಕಂಡೆನ್ಸರ್ ಬದಲಿಸಿ.

ಮಳೆಗೆ ಮಾತ್ರ ನಿಲ್ಲುವ ಗಾಡಿಯನ್ನು ಕತ್ತಲಲ್ಲಿ ಎಂಜಿನ್ ಓಡಿಸಿ ನೋಡಿ. ಪ್ಲಗ್ ವಯರಿನ ಮೇಲೆ ನೀಲಿ ಎಳೆಗಳು ಹರಿದಾಡಿದರೆ ವಯರ್ ಮತ್ತು ಟೊಪ್ಪಿ ಎರಡನ್ನೂ ಬದಲಿಸಿ.

ಇನ್ನು ಬಿಸಿಯಾದ ಮೇಲೆ ನಿಲ್ಲುವ ಕಾಯಿಲೆ. ಬದಿಯಡ್ಕದಿಂದ ಕುಂಬಳೆಗೆ ಹೊರಟರೆ ನನ್ನ ಗಾಡಿ ನೀರ್ಚಾಲು ದಾಟಿ ಸೀತಾಂಗೋಳಿ ಮುಟ್ಟುವುದರೊಳಗೆ ಕೆಮ್ಮಿ ನಿಲ್ಲುತ್ತಿತ್ತು. ಇಪ್ಪತ್ತು ನಿಮಿಷ ನೆರಳಲ್ಲಿ ನಿಲ್ಲಿಸಿದರೆ ಮೊದಲ ಕಿಕ್ಕಿಗೇ ಚಾಲೂ. ಮೂರು ಸಲ ಕಾರ್ಬುರೇಟರ್ ಬಿಚ್ಚಿಸಿದೆ. ಇಂಥಲ್ಲಿ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಕಿಕ್ ಮಾಡಿ ನೋಡಬೇಕು. ಕೂಡಲೇ ಹಿಡಿದರೆ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ, ವಯರಿಂಗಿಗೆ ಸಂಬಂಧವಿಲ್ಲ. ನನ್ನದು ಹಿಡಿಯಲಿಲ್ಲ. ಕಾಯಿಲ್ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಬ್ಯಾಟರಿಯ ಕರೆಂಟ್ ಹರಿಯುವ ಸುತ್ತಿನ ತಡೆ ಅಳೆದರೆ ಒಂದೂವರೆ ಓಮ್. ಅದು 6 ವೋಲ್ಟಿನ ಕಾಯಿಲಿನ ಅಳತೆ. 12 ವೋಲ್ಟಿನದು ಸುಮಾರು 3ರಿಂದ 4 ಓಮ್ ಇರಬೇಕು. ಹಿಂದಿನವರು ಗಾಡಿಯನ್ನು 12ಕ್ಕೆ ಬದಲಿಸುವಾಗ ಕಾಯಿಲನ್ನು ಮರೆತಿದ್ದರು. ಎರಡರಷ್ಟು ವೋಲ್ಟೇಜಿಗೆ ನಾಲ್ಕರಷ್ಟು ಕಾವು. ಪಾಯಿಂಟ್ ತಿಂಗಳಿಗೊಮ್ಮೆ ಸುಡುತ್ತಿದ್ದ ಗುಟ್ಟೂ ಆಗಲೇ ಬಿಡಿಸಿಕೊಂಡಿತು.

ಗುಂಡಿಗೆ ಇಳಿದರೆ ಎಂಜಿನ್ ಕಡಿಯುತ್ತದೆ. ಎಲ್ಲಿಗೂ ಸೇರದ ವಯರೊಂದಿದೆ

ಇವೆರಡೂ ಬೇರೆ ಬೇರೆ ದೋಷ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಹ್ಯಾಂಡಲ್ ತಿರುಗಿಸಿದಾಗ ಕಡಿದರೆ ಹ್ಯಾಂಡಲ್ ಕುತ್ತಿಗೆಯಲ್ಲಿ ವಯರ್ ಮುರಿದಿರುತ್ತದೆ. ಹೊರಗಿನ ಪ್ಲಾಸ್ಟಿಕ್ ಸರಿಯಾಗಿಯೇ ಕಾಣುತ್ತದೆ, ಬೆರಳಲ್ಲಿ ಬಾಗಿಸಿದರೆ ಒಂದು ಜಾಗದಲ್ಲಿ ಮಾತ್ರ ಬಾಳೆನಾರಿನಂತೆ ಸುಲಭವಾಗಿ ಮಡಚುತ್ತದೆ. ಗುಂಡಿಗೆ ಮಾತ್ರ ಕಡಿದರೆ ಎಲ್ಲೋ ತಾಗಿಬಿಡುವ ವಯರಿದೆ.

ದಿಕ್ಕಿಲ್ಲದ ವಯರ್ ಕಂಡರೆ ಕತ್ತರಿಸಬೇಡಿ, ಎಳೆಯಬೇಡಿ. ತುದಿಗೆ ಟೇಪು ಸುತ್ತಿ, ಸಂಖ್ಯೆ ಬರೆದು, ಪುಸ್ತಕದಲ್ಲಿ ದಾಖಲಿಸಿ. ಬಣ್ಣವನ್ನು ಸಾಕ್ಷಿ ಎಂದು ತೆಗೆದುಕೊಳ್ಳಿ, ತೀರ್ಪು ಎಂದಲ್ಲ. ಹೋಂಡಾ ಪದ್ಧತಿಯಲ್ಲಿ ಹಸಿರು ಅರ್ತ್, ಕಪ್ಪು ಕೀಲಿಯಿಂದ ಬರುವ ಕರೆಂಟ್. ಯಮಹಾದಲ್ಲಿ ಕಪ್ಪೇ ಅರ್ತ್, ಕಂದು ಕೀಲಿಯ ಕರೆಂಟ್. ಹಳೆ ಬ್ರಿಟಿಷ್ ಕ್ರಮದಲ್ಲಿ ಕೀಲಿಯ ಕರೆಂಟಿಗೆ ಬಿಳಿ. ಮನೆಯ ಇಲೆಕ್ಟ್ರಿಷಿಯನ್ ಕೈ ಹಾಕಿದ್ದರೆ ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂಬ ಅವರ ಲೆಕ್ಕ. ನನ್ನ ಗಾಡಿಯಲ್ಲಿ ಈ ನಾಲ್ಕೂ ಮತಗಳು ಒಂದೇ ಟ್ಯಾಂಕಿನಡಿ ಸೌಹಾರ್ದದಿಂದ ಬಾಳುತ್ತಿದ್ದವು.

ಆದ್ದರಿಂದ ವಯರನ್ನು ಅದು ಮಾಡುವ ಕೆಲಸದಿಂದ ಗುರುತಿಸಬೇಕು. ಟೆಸ್ಟ್ ಲ್ಯಾಂಪಿನ ಒಂದು ತುದಿ ಅರ್ತಿಗೆ, ಇನ್ನೊಂದು ಅನಾಥ ವಯರಿಗೆ ಹಾಕಿ ಕ್ರಮವಾಗಿ ಕೀಲಿ ಆಫ್, ಕೀಲಿ ಆನ್, ಲೈಟ್, ಡಿಮ್, ಬ್ರೇಕ್, ಎಡ, ಬಲ, ಕೊನೆಗೆ ಎಂಜಿನ್ ಚಾಲೂ ಮಾಡಿ ಬರೆಯಿರಿ. ಕೀಲಿ ಆಫ್ ಇರುವಾಗಲೂ ಉರಿದರೆ ಅದು ಬ್ಯಾಟರಿಯ ನೇರ ವಯರ್. ಅದನ್ನು ಬೆತ್ತಲೆ ಬಿಡುವುದು ಅಪಾಯ, ಅಂದೇ ಮುಚ್ಚಿ. ಎಂಜಿನ್ ಓಡುವಾಗ ಮಾತ್ರ ಜೀವ ಬಂದರೆ ಚಾರ್ಜಿಂಗಿನದು. ಇಲ್ಲಿ ಮೀಟರಿಗಿಂತ ಲ್ಯಾಂಪ್ ಮೇಲು: ಒಂದೇ ಎಳೆ ಉಳಿದ ಕೊಳೆತ ವಯರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಲ್ಯಾಂಪ್ ಸುಳ್ಳು ಹೇಳುವುದಿಲ್ಲ.

ಯಾವುದಕ್ಕೂ ಉರಿಯದಿದ್ದರೆ ಬ್ಯಾಟರಿ ಬಿಚ್ಚಿ, ಮೀಟರನ್ನು ಬೀಪ್ ಮಾಡುವ ಸ್ಥಾನದಲ್ಲಿಟ್ಟು ಇನ್ನೊಂದು ತುದಿ ಹುಡುಕಿ. ಇಲ್ಲಿ ನಾನು ಎರಡು ಭಾನುವಾರ ಕಳೆದೆ, ಕಾರಣ ಹೇಳುತ್ತೇನೆ: ತಣ್ಣಗಿರುವ ಬಲ್ಬಿನ ತಂತಿಯ ತಡೆ ತೀರ ಕಡಿಮೆ, ಹೆಡ್‌ಲೈಟಿನದು ಒಂದು ಓಮಿಗಿಂತಲೂ ಕೆಳಗೆ. ಬೀಪ್ ಅದರ ಮೂಲಕವೂ ಕೂಗುತ್ತದೆ. ಹಾಗಾಗಿ ಎಲ್ಲ ವಯರೂ ಎಲ್ಲ ವಯರಿಗೂ, ಚಾಸಿಗೂ ಸೇರಿದಂತೆ ಕಾಣುತ್ತದೆ. ಮೊದಲು ಬಲ್ಬುಗಳೆಲ್ಲವನ್ನೂ ತೆಗೆಯಿರಿ, ಕಾಯಿಲ್, ಹಾರ್ನ್, ರೆಕ್ಟಿಫೈಯರ್ ಕಳಚಿ. ಆಮೇಲೆ ಕೂಗಿದ ಬೀಪಿಗೆ ಮಾತ್ರ ಬೆಲೆ.

ಬಲ್ಬು ತೆಗೆದ ಮೇಲೆ ನನ್ನ ಮೂರನೇ ಸಂಖ್ಯೆಯ ಕೆಂಪು ಸ್ಪೀಕರ್ ವಯರ್ ಕೂಗಿದ್ದು ಪಾಯಿಂಟಿನ ತುದಿಗೆ. ಅದರ ಇನ್ನೊಂದು ಕವಲು ಸೀಟಿನಡಿ ಟೂಲ್ ಬಾಕ್ಸಿನ ಹಿಂದೆ ಅಡಗಿದ್ದ ಪುಟ್ಟ ಸ್ವಿಚ್ಚಿಗೆ ಹೋಗಿತ್ತು. ಹಿಂದಿನ ಯಾರೋ ಯಜಮಾನರ ಕಳ್ಳರ ಭಯ: ಸ್ವಿಚ್ ಒತ್ತಿದರೆ ಪಾಯಿಂಟ್ ಅರ್ತ್ ಆಗಿ ಎಂಜಿನ್ ಹಿಡಿಯುವುದಿಲ್ಲ. ಆ ವಯರಿನ ಹೊದಿಕೆ ಟೂಲ್ ಬಾಕ್ಸಿನ ಅಂಚಿಗೆ ಉಜ್ಜಿ ಸವೆದಿತ್ತು. ಗುಂಡಿ ಬಂದಾಗಲೆಲ್ಲ ಲೋಹಕ್ಕೆ ತಾಗಿ ಎಂಜಿನ್ ಕಡಿಯುತ್ತಿತ್ತು. ಹೆಡ್‌ಲೈಟಿನೊಳಗೆ ನಾನದನ್ನು ಸುಮ್ಮನೆ ಕತ್ತರಿಸಿ ಬಿಟ್ಟಿದ್ದರೆ ತುದಿ ಬಟ್ಟಲಿಗೆ ತಾಗಿ ಗಾಡಿ ಶಾಶ್ವತವಾಗಿ ಮಲಗುತ್ತಿತ್ತು, ನಾನು ಹೊಸ ಕಾಯಿಲ್ ಕೊಳ್ಳುತ್ತಿದ್ದೆ.

ಬೇಡವಾದ ವಯರನ್ನು ಅದು ಹುಟ್ಟುವ ಜಾಗದಲ್ಲೇ ಕಳಚಿ. ಚಾಸಿಯ ಕೊಳವೆಯೊಳಗಿಂದ ಎಳೆಯುವಾಗ ಅದರ ಬಾಲಕ್ಕೆ ಗಟ್ಟಿ ದಾರ ಕಟ್ಟಿಕೊಳ್ಳಿ. ಹೊಸದನ್ನು ಅದೇ ದಾರಿಯಲ್ಲಿ ಒಯ್ಯಬಹುದು. ಹೊಸ ವಯರ್ ಸಣ್ಣ ಎಳೆಗಳ ಆಟೋ ವಯರೇ ಇರಲಿ: ಲೈಟಿಗೆ 1 ಚದರ ಮಿ.ಮೀ., ಬ್ಯಾಟರಿಯ ಮುಖ್ಯ ದಾರಿಗೆ ಕನಿಷ್ಠ 2. ಒಂದೇ ದಪ್ಪ ಎಳೆಯ ಮನೆ ವಯರ್ ಬುಲೆಟ್ಟಿನ ನಡುಕಕ್ಕೆ ಆರು ತಿಂಗಳೂ ಬಾಳುವುದಿಲ್ಲ. ತಿರುಚಿ ಟೇಪು ಸುತ್ತಿದ ಗಂಟು ನಮ್ಮ ಬೇಸಗೆಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ವಯರಿನ ತುದಿಗೆ ಲೋಹದ ಲಗ್ ಒತ್ತಿ, ಶಾಖಕ್ಕೆ ಕುಗ್ಗುವ ಕೊಳವೆ ಹಾಕಿ.

ಬ್ಯಾಟರಿ ಬೆಳಗಾಗುವುದರೊಳಗೆ ಖಾಲಿ, ಅಥವಾ ಕುದಿಯುತ್ತದೆ

ಪಾಯಿಂಟಿನ ಹಳೆ ಗಾಡಿಯಲ್ಲಿ ಕೀಲಿ ಆಫ್ ಇದ್ದಾಗ ಹನಿ ಕರೆಂಟೂ ಹರಿಯಬಾರದು. ಮೀಟರನ್ನು 10 ಆಂಪಿಯರಿನ ಸ್ಥಾನಕ್ಕೆ ಹಾಕಿ ಬ್ಯಾಟರಿಯ ಅರ್ತ್ ತುದಿಗೂ ಕಳಚಿದ ವಯರಿಗೂ ನಡುವೆ ಸೇರಿಸಿ. ಈ ಸ್ಥಾನದಲ್ಲಿ ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗೆ ಎಂದೂ ಮುಟ್ಟಿಸಬೇಡಿ, ಮೀಟರ್ ಸುಡುತ್ತದೆ. ಅಂಕಿ ಸೊನ್ನೆ ಕಂಡರೆ ಮಿಲಿ ಆಂಪಿಯರಿಗೆ ಇಳಿಸಿ. ಏನಾದರೂ ಹರಿಯುತ್ತಿದ್ದರೆ ರೆಕ್ಟಿಫೈಯರಿನ ವಯರ್ ಕಳಚಿ; ನಿಂತರೆ ಅದರ ಡಯೋಡ್ ಸೋರುತ್ತಿದೆ. ನಿಲ್ಲದಿದ್ದರೆ ಹಿಂದಿನವರು ಹಾಕಿದ ಅಲಾರಂ, ಮೊಬೈಲ್ ಚಾರ್ಜರ್ ಹುಡುಕಿ.

ಎಂಜಿನನ್ನು ಮಧ್ಯಮ ವೇಗದಲ್ಲಿ ಓಡಿಸಿದಾಗ ಬ್ಯಾಟರಿಯಲ್ಲಿ 14 ವೋಲ್ಟಿನ ಸುತ್ತ ಕಾಣಬೇಕು, 6ರ ಗಾಡಿಯಲ್ಲಿ 7ರ ಸುತ್ತ. ಏರುವುದೇ ಇಲ್ಲವೆಂದರೆ ಆಲ್ಟರ್ನೇಟರಿನಿಂದ ಬರುವ ಜೋಡಣೆ ಮೊದಲು, ರೆಕ್ಟಿಫೈಯರ್ ಆಮೇಲೆ. 12ರ ಗಾಡಿಯಲ್ಲಿ 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ; ಬಲ್ಬುಗಳು ಸಾಲಾಗಿ ಸುಡುವುದೂ ಬ್ಯಾಟರಿ ಕುದಿಯುವುದೂ ಅದರಿಂದಲೇ. ಬ್ಯಾಟರಿ ತೆಗೆದು ಗಾಡಿ ಓಡಿಸುವ ಸಾಹಸದಿಂದಲೂ ಬಲ್ಬುಗಳು ಹೀಗೆಯೇ ಸುಡುತ್ತವೆ.

ಎಲ್ಲಿ ಕೈ ಬಿಡಬೇಕು

ವಯರುಗಳ ಕಟ್ಟು ಒಳಗೊಳಗೇ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಒಂದೊಂದೇ ಬಿಡಿಸುವ ಆಸೆ ಬೇಡ. ಭಾವ ಹೇಳಿದ ಹಾಗೆ ಹೊಸ ಸೆಟ್ಟೇ ಸರಿ. ಆಲ್ಟರ್ನೇಟರಿನ ಸುತ್ತು ಸುಟ್ಟ ವಾಸನೆ ಬಂದರೆ, ರೋಟರ್ ಎಳೆಯಬೇಕಾಗಿ ಬಂದರೆ, ಬ್ಯಾಟರಿ ಉಬ್ಬಿದ್ದರೆ, ಬಲ್ಬಿನ ಪರೀಕ್ಷೆ ಮಾಡಿದರೂ ಶಾರ್ಟ್ ಎಲ್ಲಿ ಎಂದು ಸಿಗದೆ ಪೆಟ್ರೋಲಿನ ವಾಸನೆಯೂ ಇದ್ದರೆ, ಬ್ಯಾಟರಿ ಕಳಚಿ ಗಾಡಿಯನ್ನು ತಳ್ಳಿಕೊಂಡೋ ಪಿಕಪ್ಪಿನಲ್ಲಿ ಹೇರಿಕೊಂಡೋ ಒಯ್ಯಿರಿ. ಪಾಯಿಂಟ್ ಕೂಡಿಸಿ ಬಲ್ಲ ಹಳೆಯ ಕೈಗಳು ಕಾಸರಗೋಡು, ಪುತ್ತೂರಿನ ಕಡೆ ಇನ್ನೂ ಇವೆ. ಹೋಗುವಾಗ ನೀವು ಬರೆದ ಪುಸ್ತಕವನ್ನೂ ಒಯ್ಯಿರಿ. ನಾನು ಒಯ್ದಾಗ ಮೇಸ್ತ್ರಿಗಳು ಎರಡು ಪುಟ ತಿರುವಿ, “ಐದನೆಯದು ಏನೆಂದು ಬರೆದಿಲ್ಲವಲ್ಲ?” ಎಂದು ಕೇಳಿದರು. ಅದು ಇನ್ನೂ ಸಿಕ್ಕಿಲ್ಲ. ತುದಿಗೆ ಕೊಳವೆ ಹಾಕಿ ಟ್ಯಾಂಕಿನಡಿ ಕಟ್ಟಿಟ್ಟಿದ್ದೇನೆ.